500 ಲೀಟರ್ ಹೀಟ್ ಪಂಪ್: ಬಳ್ಳಾರಿಯ ಹಾಸ್ಟೆಲ್, ಲಾಡ್ಜುಗಳಿಗೆ ಹೇಗೆ?

ಯಂತ್ರಕ್ಕೆ ಐದರಲ್ಲಿ ನಾಲ್ಕೂವರೆ ಅಂಕ. ಇಲ್ಲಿ ಅದನ್ನು ಕೂರಿಸುತ್ತಿರುವ ರೀತಿಗೆ ಎರಡು ಕೊಡುವುದೂ ಕಷ್ಟ.

ಹೀಟ್ ಪಂಪ್ ಹೊರಗಿನ ಗಾಳಿಯ ಶಾಖವನ್ನು ಹೀರಿ ನೀರಿಗೆ ಕೊಡುತ್ತದೆ. ಆ ಗಾಳಿ ಕಾದಷ್ಟೂ ಅದಕ್ಕೆ ಕೆಲಸ ಹಗುರ. ಆ ವಿಷಯದಲ್ಲಿ ಬಳ್ಳಾರಿಗೆ ಬಡತನವಿಲ್ಲ. 500 ಲೀಟರ್ ನೀರನ್ನು 25 ಡಿಗ್ರಿಯಿಂದ 55ಕ್ಕೆ ಏರಿಸಲು ಗೀಸರಿಗೆ 17.5 ಯೂನಿಟ್ ಬೇಕು. ಸಿಒಪಿ 3.5 ಇರುವ, ಅಂದರೆ ಒಂದು ಯೂನಿಟ್ ಕರೆಂಟಿಗೆ ಮೂರೂವರೆ ಯೂನಿಟ್ ಶಾಖ ಕೊಡುವ ಹೀಟ್ ಪಂಪಿಗೆ 5 ಸಾಕು. ಮಾಳಿಗೆಯಲ್ಲಿ ನೆರಳು ಬೀಳದ ಜಾಗ ಧಾರಾಳವಾಗಿದ್ದರೆ ಮಾತ್ರ ಸೋಲಾರ್ ಹೀಟರೇ ಮೇಲು.

ದುಡ್ಡು ಸೋರುವುದು ಪೈಪಿನಲ್ಲಿ. ನಲ್ಲಿ ತಿರುವಿದ ಕೂಡಲೇ ಬಿಸಿನೀರು ಬರಲೆಂದು, ಪೈಪಿನ ನೀರನ್ನು ಟ್ಯಾಂಕಿಗೇ ಮರಳಿಸುವ ರಿಟರ್ನ್ ಲೈನ್ ಎಳೆದು, ಅದರ ಪುಟ್ಟ ಪಂಪನ್ನು ಹಗಲೂ ರಾತ್ರಿ ಓಡಿಸುತ್ತಾರೆ. ಹೊದಿಕೆಯಿಲ್ಲದ ಒಂದಿಂಚಿನ ಪೈಪು ಮೀಟರಿಗೆ ಸುಮಾರು 20 ವ್ಯಾಟ್ ಶಾಖ ಕಳೆಯುತ್ತದೆ. 60 ಮೀಟರ್ ಲೈನಾದರೆ ದಿನಕ್ಕೆ ಹತ್ತಿರ ಹತ್ತಿರ 29 ಯೂನಿಟ್ ಶಾಖ: ಮೀಯುವ ನೀರಿಗಿಂತ ಗಾಳಿಗೆ ಹೋದದ್ದೇ ಜಾಸ್ತಿ! 19 ಎಂಎಂ ನೈಟ್ರೈಲ್ ಫೋಮ್ ತೊಡಿಸಿ, ಬಿಸಿಲಿಗೆ ಅದು ಪುಡಿಯಾಗದಂತೆ ಮೇಲೆ ಅಲ್ಯೂಮಿನಿಯಂ ಹಾಳೆ ಸುತ್ತಿಸಿ. ಎಲ್ಬೋ, ವಾಲ್ವ್‌ಗಳನ್ನೂ ಬಿಡಬೇಡಿ. ಆ ಪುಟ್ಟ ಪಂಪಿಗೆ ಟೈಮರ್ ಹಾಕಿ, ಬೆಳಿಗ್ಗೆ 5ರಿಂದ 9, ಸಂಜೆ 6ರಿಂದ 8. ಸ್ಟಾಕ್‌ಹೋಮಿನಲ್ಲಿ ಶುದ್ಧೀಕರಿಸಿದ ಚರಂಡಿ ನೀರಿನ ಶಾಖವನ್ನೂ ಹೀಟ್ ಪಂಪಿನಿಂದ ಹೀರಿ ಊರಿಗೆ ಹಂಚುತ್ತಾರೆ. ಹೊದಿಕೆ ಸಮೇತ ಫ್ಯಾಕ್ಟರಿಯಿಂದ ಬರುವ ಪೈಪು ಇಲ್ಲದಿದ್ದರೆ ಅದೂ ದಾರಿಯಲ್ಲೇ ತಣ್ಣಗಾಗುತ್ತಿತ್ತು.

ಇನ್ನೊಂದು ತಪ್ಪು, ಟ್ಯಾಂಕಿನೊಳಗಿನ 3 ಕಿಲೋವ್ಯಾಟ್ ಹೀಟಿಂಗ್ ಕಾಯಿಲನ್ನು ಆಟೋದಲ್ಲಿ ಬಿಡುವುದು. ಬೆಳಿಗ್ಗೆ ನಾಲ್ಕು ಜನ ಮಿಂದು ಟ್ಯಾಂಕ್ ತುಸು ತಣಿದರೆ ಸಾಕು, ಅದೂ ಹೀಟ್ ಪಂಪಿನ ಜೊತೆ ಎದ್ದು ಕೂರುತ್ತದೆ. ಬಿಲ್ಲು ಮತ್ತೆ ಗೀಸರಿನ ಬಿಲ್ಲೇ. ಅದನ್ನು ಮ್ಯಾನ್ಯುವಲ್‌ಗೆ ಹಾಕಿ, ಲೀಜಿಯೊನೆಲ್ಲಾ ಬ್ಯಾಕ್ಟೀರಿಯಾ ಬೆಳೆಯದಂತೆ ವಾರಕ್ಕೊಮ್ಮೆ ಮಾತ್ರ ಉರಿಸಿ. 55ರಿಂದ 60ಕ್ಕೆ ಏರಲು ಒಂದು ಗಂಟೆ ಸಾಕು, ಆಮೇಲೆ ಅರ್ಧ ಗಂಟೆ ಅಲ್ಲೇ ನಿಲ್ಲಲಿ. ದಿನವೂ 60 ಇಟ್ಟರೆ ಬೋರ್ ನೀರಿನ ಸುಣ್ಣ ಕಾಯಿಲಿಗೆ ಮೊಟ್ಟೆ ಚಿಪ್ಪಿನ ಹಾಗೆ ಕಟ್ಟಿಕೊಳ್ಳುತ್ತದೆ. ಟ್ಯಾಂಕಿಗೆ ತುಕ್ಕು ಹಿಡಿಯದಂತೆ ತಾನು ಸವೆಯುವ ಮೆಗ್ನೀಷಿಯಂ ರಾಡನ್ನು ವರ್ಷಕ್ಕೊಮ್ಮೆ ಬಿಚ್ಚಿ ನೋಡಿ. ಒಳಗಿನ ತಂತಿ ಕಂಡರೆ ಬದಲಿಸಿ.

ಯಂತ್ರವನ್ನು ಮೆಟ್ಟಿಲ ಕೋಣೆಯೊಳಗೆ ಕೂಡಿಹಾಕಬೇಡಿ, ತಾನು ಬಿಟ್ಟ ತಣ್ಣನೆ ಗಾಳಿಯನ್ನು ತಾನೇ ಎಳೆದುಕೊಳ್ಳುತ್ತದೆ. ಅದಿರಿನ ಕೆಂಪು ಧೂಳು ಗಾಳಿ ಹಾಯುವ ತೆಳು ಲೋಹದ ಫಿನ್‌ಗಳಿಗೆ ಮೆತ್ತಿಕೊಂಡರೂ ಅದೇ ಗತಿ. ತಿಂಗಳಿಗೊಮ್ಮೆ ಮೆಲ್ಲಗೆ ನೀರು ಬಿಟ್ಟು ತೊಳೆಯಿರಿ. ಪ್ರೆಷರ್ ವಾಷರ್ ಹಿಡಿದರೆ ಫಿನ್ ಬಾಗುತ್ತವೆ.

ಹೀಟ್ ಪಂಪ್ ಓಡಿಸುವ ಹೊತ್ತು ಬೆಳಿಗ್ಗೆ 11ರಿಂದ ಸಂಜೆ 4. ಆಗ ಗಾಳಿ ಕಾದಿರುತ್ತದೆ, ಕರೆಂಟಿನಲ್ಲಿ ಸೋಲಾರ್ ಪಾಲೂ ಇರುತ್ತದೆ. ನಡುರಾತ್ರಿ ಓಡಿಸಿದರೆ ಕುಡತಿನಿಯ ವಿದ್ಯುತ್ ಸ್ಥಾವರದಲ್ಲಿ ಕಲ್ಲಿದ್ದಲು ಉರಿಸಿದ ಹಾಗೇ.