ಹೊರಗೆ ಓಡಾಡುವ ಸಾಕುಬೆಕ್ಕಿಗೆ ಗುರುತು: ಕೊರಳಪಟ್ಟಿ, ಬಿಲ್ಲೆ, ಮೈಕ್ರೋಚಿಪ್ – ದೀರ್ಘಕಾಲದ ಬಳಕೆಯ ವಿಮರ್ಶೆ

ಹೊರಗೆ ಓಡಾಡುವ ಬೆಕ್ಕು ಮೈಕೈ ತುಂಬಿಕೊಂಡಿದ್ದರೆ ‘ಯಾರೋ ಸಾಕಿರಬೇಕು’ ಅಂತ ಜನ ಸುಮ್ಮನಾಗುತ್ತಾರೆ. ಸೊರಗಿದ್ದರೆ ‘ಬೀದಿ ಬೆಕ್ಕು’ ಅಂತ ತೀರ್ಮಾನಿಸಿಬಿಡುತ್ತಾರೆ. ಎರಡೂ ಬರೀ ಊಹೆ. ಥೈರಾಯ್ಡ್ ಹೆಚ್ಚಾಗಿರುವ ವಯಸ್ಸಾದ ಸಾಕುಬೆಕ್ಕು ಎಷ್ಟು ತಿಂದರೂ ಬಡಕಲಾಗಿಯೇ ಇರುತ್ತದೆ. ನಾಲ್ಕು ಮನೆಗಳಲ್ಲಿ ಊಟ ಸಿಗುವ ಬೀದಿ ಬೆಕ್ಕು ದುಂಡಗಿರುತ್ತದೆ. ಆದ್ದರಿಂದ ಬೆಕ್ಕಿನ ಮೈಮೇಲೆ ಒಂದು ಗುರುತು ಬೇಕೇ ಬೇಕು. ಯಾವ ಗುರುತು ಒಳ್ಳೆಯದು ಅನ್ನುವುದು ಅದನ್ನು ಓದುವವರು ಯಾರು ಅನ್ನುವುದರ ಮೇಲೆ ನಿಂತಿದೆ. ದಾರಿಹೋಕರ ಹತ್ತಿರ ಇರುವುದು ಕಣ್ಣು ಮತ್ತು ಫೋನು. ಮೈಕ್ರೋಚಿಪ್ ಓದುವ ಸ್ಕ್ಯಾನರ್ ಇರುವುದು ಪಶುವೈದ್ಯರ ಹತ್ತಿರ. ಈ ಇಬ್ಬರಿಗೂ ಒಂದೇ ವಸ್ತು ಸಾಕಾಗುವುದಿಲ್ಲ, ಎಷ್ಟೇ ದುಬಾರಿಯದಾದರೂ.

ಮೊದಲು ಕೊರಳಪಟ್ಟಿ. ಮುಖ್ಯವಾಗಿ ಮೂರು ಬಗೆ ಸಿಗುತ್ತವೆ: ಕೈಯಿಂದಲೇ ಬಿಚ್ಚಬೇಕಾದ ಸಾದಾ ಬಕಲ್ಲಿನದು, ನಡುವೆ ಎಲಾಸ್ಟಿಕ್ ತುಂಡು ಸೇರಿಸಿದ್ದು, ಜಗ್ಗಿದರೆ ತಾನಾಗಿ ಕಳಚಿಕೊಳ್ಳುವ ಬಕಲ್ಲಿನದು. ಹೊರಗೆ ಹೋಗುವ ಬೆಕ್ಕಿಗೆ ಮೂರನೆಯದನ್ನು ಬಿಟ್ಟು ಬೇರೆ ಯಾವುದನ್ನೂ ಹಾಕಬಾರದು. ಸಾದಾ ಬಕಲ್ಲಿನ ಪಟ್ಟಿ ಕೊಂಬೆಗೋ ಬೇಲಿಯ ತಂತಿಗೋ ಸಿಕ್ಕಿಕೊಂಡರೆ ಬೆಕ್ಕು ಅಲ್ಲೇ ನೇತಾಡಬೇಕಾಗುತ್ತದೆ. ಎಲಾಸ್ಟಿಕ್‌ನದು ಸುರಕ್ಷಿತ ಅಂತ ಮಾರಾಟವಾಗುತ್ತದೆ, ಆದರೆ ಅದರ ಅಪಾಯ ಬೇರೆ ಥರದ್ದು. ಮುಂಗಾಲು ತೂರುವಷ್ಟು ಹಿಗ್ಗುತ್ತದೆ, ಕಾಲು ತೂರಿದ ಮೇಲೆ ಬಿಗಿದುಕೊಳ್ಳುತ್ತದೆ. ಪಟ್ಟಿ ಕಂಕುಳಲ್ಲಿ ಕೂತು ಒಂದೊಂದು ಹೆಜ್ಜೆಗೂ ಚರ್ಮ ಕೊಯ್ಯುತ್ತದೆ. ಕಂಕುಳು ಸದಾ ಅಲುಗಾಡುವ ಜಾಗ. ಹೊಲಿಗೆ ಹಾಕಿದರೂ ಗಾಯ ಮತ್ತೆ ಮತ್ತೆ ಬಾಯಿ ಬಿಡುತ್ತದೆ, ಮಾಯಲು ವಾರಗಟ್ಟಲೆ ಹಿಡಿಯುತ್ತದೆ.

ಹಾಗಂತ ಪಟ್ಟಿಯನ್ನೇ ಬೇಡ ಅನ್ನುವುದೂ ಸರಿಯಲ್ಲ. ಅಮೆರಿಕದ ಓಹಿಯೋ ಸ್ಟೇಟ್ ವಿಶ್ವವಿದ್ಯಾಲಯದ ಲಿಂಡಾ ಲಾರ್ಡ್ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 538 ಬೆಕ್ಕುಗಳಿಗೆ ಈ ಮೂರೂ ಬಗೆಯ ಪಟ್ಟಿಗಳನ್ನು ಹಂಚಿ ಆರು ತಿಂಗಳು ಗಮನಿಸಿದರು. 391 ಬೆಕ್ಕುಗಳು, ಅಂದರೆ ಶೇ. 72.7ರಷ್ಟು, ಆರು ತಿಂಗಳೂ ಪಟ್ಟಿ ಹಾಕಿಕೊಂಡೇ ಇದ್ದವು. ಮುಂಗಾಲು ತೂರಿದ್ದೋ, ಪಟ್ಟಿ ಎಲ್ಲೋ ಸಿಕ್ಕಿಕೊಂಡದ್ದೋ ಆದದ್ದು 18 ಬೆಕ್ಕುಗಳಿಗೆ, ಶೇ. 3.3. ‘ನಮ್ಮ ಬೆಕ್ಕು ಪಟ್ಟಿ ಇಟ್ಟುಕೊಳ್ಳುವುದೇ ಇಲ್ಲ’ ಅನ್ನುವವರು ಈ ಅಂಕಿಯನ್ನು ನೋಡಬೇಕು. ಅಪಾಯ ಚಿಕ್ಕದಾದರೂ ನಿಜವಾದದ್ದು. ಅದನ್ನು ಇನ್ನೂ ಕುಗ್ಗಿಸುವುದು ಬಕಲ್ಲಿನ ಆಯ್ಕೆ ಮತ್ತು ಪಟ್ಟಿಯ ಅಳತೆ.

ಪೊಟ್ಟಣದ ಮೇಲೆ ‘ಸೇಫ್ಟಿ’ ಅಂತ ಬರೆದಿದ್ದನ್ನು ನಂಬದೆ ಬಕಲ್ಲನ್ನು ಪರೀಕ್ಷಿಸಿ. ಪಟ್ಟಿಯನ್ನು ಮುಚ್ಚಿ ಗಟ್ಟಿಯಾದ ಕೊಕ್ಕೆಗೆ ತೂಗುಹಾಕಿ, ಕೆಳಗಿನಿಂದ ಒಂದು ಚೀಲ ಕಟ್ಟಿ, ಅದರೊಳಗೆ ಒಂದೊಂದೇ ಲೀಟರ್ ನೀರಿನ ಬಾಟಲಿ ಇಡುತ್ತಾ ಬನ್ನಿ. ಒಂದು ಲೀಟರ್ ಅಂದರೆ ಒಂದು ಕೆಜಿ. 4 ಕೆಜಿ ಬೆಕ್ಕಿನ ಪಟ್ಟಿ ಎರಡನೆಯ ಬಾಟಲಿಗೆ, ತಡವಾದರೆ ಮೂರನೆಯದಕ್ಕೆ ಕಳಚಿಕೊಳ್ಳಬೇಕು. ನಾಲ್ಕು ಬಾಟಲಿ ಇಟ್ಟರೂ ಕಳಚದ್ದು ಆ ಬೆಕ್ಕಿನ ಮಟ್ಟಿಗೆ ಸಾದಾ ಬಕಲ್ಲಿನಷ್ಟೇ ಅಪಾಯಕಾರಿ. ಒಂದು ಬಾಟಲಿಗೇ ಬಿಚ್ಚಿಕೊಂಡರೆ ಕತ್ತು ಕೆರೆದುಕೊಂಡಾಗಲೂ ಉದುರುತ್ತದೆ. ಕೆಲವು ಬಕಲ್ಲುಗಳಲ್ಲಿ ಎರಡು ಮೂರು ಪುಟ್ಟ ಹಲ್ಲುಗಳಿದ್ದು, ಒಂದನ್ನು ಕತ್ತರಿಸಿದರೆ ಬೇಗ ಕಳಚುವಂತಾಗುತ್ತದೆ. ಹಗುರ ಬೆಕ್ಕುಗಳಿಗೆ ಇದು ಒಳ್ಳೆಯ ವ್ಯವಸ್ಥೆ.

ದಿನ ಕಳೆದಂತೆ ಬಕಲ್ಲಿನ ಸಂದಿಯಲ್ಲಿ ಕೂದಲು, ಧೂಳು, ಊಟದ ಜಿಡ್ಡು ತುಂಬಿಕೊಂಡು ಹಲ್ಲು ಬಿಗಿಯಾಗುತ್ತದೆ. ತಿಂಗಳಿಗೊಮ್ಮೆ ಸೋಪು ನೀರಿನಲ್ಲಿ ಹಳೆಯ ಬ್ರಷ್ಷಿನಿಂದ ತಿಕ್ಕಿ, ಒಣಗಿಸಿ, ಅದೇ ಬಾಟಲಿ ಪರೀಕ್ಷೆ ಮಾಡಿ. ಪಟ್ಟಿಯ ಉಳಿದ ತುದಿ ಬಕಲ್ಲಿನ ಮೇಲೆ ಹಾದುಹೋಗುವಂತೆ ಸಿಕ್ಕಿಸಿದರೆ ಕಳಚುವುದಕ್ಕೆ ಅದೇ ಅಡ್ಡಿ. ಅಂದಕ್ಕೆ ಹಾಕುವ ಬಟ್ಟೆಯ ಬೋ ಕೂಡ ಹಾಗೆಯೇ. ತುದಿಯನ್ನು ಕತ್ತರಿಸಿ, ನೈಲಾನ್ ಆಗಿದ್ದರೆ ಬೆಂಕಿ ತೋರಿಸಿ ಅಂಚು ಕರಗಿಸಿ. ಇದನ್ನು ಬೆಕ್ಕಿನ ಕೊರಳಿಗೆ ಹಾಕುವ ಮುಂಚೆಯೇ ಮಾಡಿ.

ಅಳತೆ ಅಂದರೆ ಎರಡು ಬೆರಳು ಚಪ್ಪಟೆಯಾಗಿ ಪಟ್ಟಿಯ ಕೆಳಗೆ ತೂರಬೇಕು, ಮೂರನೆಯದು ತೂರಬಾರದು. ಮೊದಲ ಸಲ ಹಾಕುವಾಗ ಬೆಕ್ಕು ಕತ್ತು ಬಿಗಿ ಹಿಡಿಯುತ್ತದೆ. ಅರ್ಧ ಗಂಟೆ ಬಿಟ್ಟು ನೋಡಿದರೆ ಪಟ್ಟಿ ಸಡಿಲವಾಗಿರುತ್ತದೆ. ಸಡಿಲ ಬಿಟ್ಟರೆ ಬೆಕ್ಕಿಗೆ ಆರಾಮ ಅನ್ನುವುದು ತಪ್ಪು ತಿಳಿವಳಿಕೆ. ಕೆಳದವಡೆ ಸಿಕ್ಕಿಕೊಳ್ಳುವುದೂ ಮುಂಗಾಲು ತೂರುವುದೂ ಸಡಿಲ ಪಟ್ಟಿಯಲ್ಲೇ. ಅಳತೆ ಹೊಂದಿಸುವ ಜಾರುಕೊಂಡಿ ದಿನಕ್ಕಿಷ್ಟು ಸರಿದು ಪಟ್ಟಿ ತಾನಾಗಿ ಸಡಿಲವಾಗುವುದುಂಟು. ಪೂರ್ತಿ ಬೆಳೆದ ಬೆಕ್ಕಾದರೆ ಅಳತೆ ಸರಿಹೋದ ಮೇಲೆ ಕೊಂಡಿಯ ಪಕ್ಕ ಎರಡು ಹೊಲಿಗೆ ಹಾಕಿ ನಿಲ್ಲಿಸಬಹುದು. ಹೊಲಿಗೆ ಬಕಲ್ಲಿನ ಹತ್ತಿರ ಸುಳಿಯಬಾರದು. ಮರಿಗಳಿಗೆ ಹೊಲಿಗೆ ಬೇಡ. ಬೆಳೆಯುವ ಕತ್ತನ್ನು ವಾರ ವಾರವೂ ಮುಟ್ಟಿ ನೋಡಬೇಕು, ಇಲ್ಲದಿದ್ದರೆ ಪಟ್ಟಿ ಚರ್ಮದೊಳಕ್ಕೇ ಇಳಿಯುತ್ತದೆ.

ಕಳಚುವ ಪಟ್ಟಿ ಒಂದಲ್ಲ ಒಂದು ದಿನ ಕಳೆದುಹೋಗುತ್ತದೆ. ಅದು ಕೆಲಸ ಮಾಡಿದೆ ಅನ್ನುವುದಕ್ಕೆ ಅದೇ ಸಾಕ್ಷಿ. ಆದ್ದರಿಂದ ಒಂದೇ ಥರದ ಎರಡು ಮೂರನ್ನು ಒಟ್ಟಿಗೆ ತಯಾರು ಮಾಡಿಟ್ಟುಕೊಳ್ಳಬೇಕು. ದುಬಾರಿ ಚರ್ಮದ ಪಟ್ಟಿಯ ಮೇಲೆ ಹಣ ಹಾಕುವುದು ವ್ಯರ್ಥ. ಚರ್ಮ ನೆನೆದು ಒಣಗಿದರೆ ಸೆಟೆದುಕೊಂಡು ಕತ್ತನ್ನು ಉಜ್ಜುತ್ತದೆ. 1 ಸೆಂ.ಮೀ. ಅಗಲದ ನೈಲಾನ್ ಸಾಕು.

ಇನ್ನು ಬರಹ. ನಮ್ಮ ಅನುಭವದಲ್ಲಿ ಎಲ್ಲಕ್ಕಿಂತ ಚೆನ್ನಾಗಿ ಬಾಳಿಕೆ ಬಂದದ್ದು ಪಟ್ಟಿಯ ಮೇಲೇ ಫೋನ್ ನಂಬರಿನ ಕಸೂತಿ. ತೂಗಾಡುವ ಬಿಲ್ಲೆ ಇಲ್ಲ, ಸದ್ದಿಲ್ಲ, ಸಿಕ್ಕಿಕೊಳ್ಳುವುದಕ್ಕೆ ಏನೂ ಇಲ್ಲ. ತಿಳಿ ಬಣ್ಣದ ಪಟ್ಟಿಗೆ ಗಾಢ ಬಣ್ಣದ ದಾರ, ಅಂಕಿಗಳ ಎತ್ತರ 6–7 ಮಿ.ಮೀ. ಅದಕ್ಕಿಂತ ಚಿಕ್ಕದಾದರೆ ದಾರದ ಎಳೆ ಕೆದರಿದಾಗ 3 ಮತ್ತು 8, 6 ಮತ್ತು 0 ಒಂದೇ ಥರ ಕಾಣುತ್ತವೆ. ಒಂದು ಅಂಕಿ ತಪ್ಪಿದರೆ ಇಡೀ ಪಟ್ಟಿ ವ್ಯರ್ಥ. ಎರಡು ಮೀಟರ್ ದೂರದಿಂದ ಫೋನಿನಲ್ಲಿ ಪಟ್ಟಿಯ ಚಿತ್ರ ತೆಗೆದು, ಹಿಗ್ಗಿಸಿ, ಅಂಕಿಗಳನ್ನು ಬೇರೆ ಯಾರಿಂದಾದರೂ ಓದಿಸಿ. ಅವರು ತಡವರಿಸದೆ ಓದಿದರೆ ಪಟ್ಟಿ ಪಾಸು. ಮುಟ್ಟಗೊಡದ ಬೆಕ್ಕಿನ ನಂಬರನ್ನು ದಾರಿಹೋಕರು ಓದುವುದು ಹೀಗೆಯೇ ತಾನೆ. ಬೆಕ್ಕಿನ ಹೆಸರು ಬರೆಸುವ ಅಗತ್ಯವಿಲ್ಲ. ಆ ಜಾಗಕ್ಕೆ ಎರಡನೆಯ ನಂಬರು ಬರಲಿ. ದಿನವೂ ಔಷಧಿ ಬೇಕಾದ ಬೆಕ್ಕಾದರೆ ‘ಔಷಧಿ ಇದೆ’ ಅನ್ನುವ ಎರಡೇ ಪದ ಸೇರಿಸಿ. ಹಾಗೆ ಬರೆದ ಬೆಕ್ಕನ್ನು ಯಾರೂ ತಮ್ಮ ಮನೆಯಲ್ಲೇ ಇಟ್ಟುಕೊಳ್ಳಲು ಧೈರ್ಯ ಮಾಡುವುದಿಲ್ಲ. ಪರ್ಮನೆಂಟ್ ಮಾರ್ಕರಿನ ಬರಹ ಬಿಸಿಲಿಗೆ ಬೇಗ ಮಾಸುತ್ತದೆ, ತುರ್ತಿಗೆ ಮಾತ್ರ.

ಬಿಲ್ಲೆಯೇ ಬೇಕು ಅನ್ನುವವರು ಆಳವಾಗಿ ಕೊರೆದ ಸ್ಟೀಲಿನದನ್ನು ಆರಿಸಿ. ಬಣ್ಣದ ಅಲ್ಯೂಮಿನಿಯಂ ಬಿಲ್ಲೆಯ ಮೇಲೆ ಲೇಸರ್ ಸುಡುವುದು ಮೇಲಿನ ಬಣ್ಣದ ಪದರವನ್ನಷ್ಟೇ. ಆ ಪದರ ಸವೆದರೆ ಅಕ್ಷರವೂ ಹೋಯಿತು. ಎಸ್ ಆಕಾರದ ಕೊಕ್ಕೆ ಬಾಯಿ ಬಿಟ್ಟುಕೊಳ್ಳುತ್ತದೆ, ಕೀಚೈನಿನ ಥರದ ಎರಡು ಸುತ್ತಿನ ಪುಟ್ಟ ಉಂಗುರ ವಾಸಿ. ತೂಗುವ ಬಿಲ್ಲೆಗಿಂತ ಪಟ್ಟಿಯಲ್ಲೇ ಪೋಣಿಸುವ ಚಪ್ಪಟೆ ಫಲಕ ಇನ್ನೂ ವಾಸಿ. ಒಳಗೆ ಚೀಟಿ ಇಡುವ ಪುಟ್ಟ ತಿರುಪು ಡಬ್ಬಿಯನ್ನು ಕೊಳ್ಳಿ ಅಂತ ನಾವು ಯಾರಿಗೂ ಹೇಳುವುದಿಲ್ಲ. ತಿರುಪು ಸಡಿಲಾಗಿ ಕೆಳಗಿನ ಭಾಗ ಉದುರುತ್ತದೆ, ನೀರು ಹೋಗಿ ಚೀಟಿ ಕೊಳೆಯುತ್ತದೆ, ಉಳಿದರೂ ಅದರೊಳಗೆ ಚೀಟಿ ಇದೆ ಅಂತ ಯಾರಿಗೂ ಹೊಳೆಯುವುದಿಲ್ಲ. ಗೆಜ್ಜೆ ಗುರುತಲ್ಲ, ಸೀಳಿರುವ ಗೆಜ್ಜೆಯಲ್ಲಿ ಉಗುರು ಸಿಕ್ಕಿಕೊಳ್ಳುವುದೂ ಉಂಟು.

ಕ್ಯೂಆರ್ ಬಿಲ್ಲೆ ನೋಡಲು ಚೆಂದ, ಒಂದೇ ಬಿಲ್ಲೆಯಲ್ಲಿ ವಿಳಾಸ, ಫೋಟೋ, ಔಷಧಿ ವಿವರ ಎಲ್ಲ ಸೇರುತ್ತವೆ. ಆದರೆ ಸ್ಕ್ಯಾನ್ ಮಾಡಿದಾಗ ತೆರೆಯುವುದು ಕಂಪನಿಯ ಪುಟ. ಕಂಪನಿ ಮುಚ್ಚಿದರೆ ಅಥವಾ ಚಂದಾ ಮುಗಿದರೆ ಬಿಲ್ಲೆ ಮೂಕವಾಗುತ್ತದೆ. ಹೊಳೆಯುವ ಮೇಲ್ಮೈ, ಬಾಗಿದ ಮೇಲ್ಮೈ, ಗೀರು – ಮೂರೂ ಸ್ಕ್ಯಾನಿಗೆ ಶತ್ರು. ಪಕ್ಕದಲ್ಲಿ ಫೋನ್ ನಂಬರು ಇಲ್ಲದ ಕ್ಯೂಆರ್ ಬಿಲ್ಲೆಯನ್ನು ಕೊಳ್ಳಬೇಡಿ. ಎನ್‌ಎಫ್‌ಸಿ ಬಿಲ್ಲೆ ಅಂದರೆ ಫೋನು ಹತ್ತಿರ ಹಿಡಿದಾಗ ವಿವರ ತೆರೆಯುವಂಥದ್ದು; ಅದಕ್ಕೆ ಫೋನನ್ನು ಕೆಲವೇ ಸೆಂಟಿಮೀಟರ್ ಹತ್ತಿರ ಹಿಡಿಯಬೇಕು. ಅಪರಿಚಿತರಿಗೆ ಅಷ್ಟು ಹತ್ತಿರ ಬಿಡುವ ಬೆಕ್ಕುಗಳು ಕಡಿಮೆ.

ಜಿಪಿಎಸ್ ಉಪಕರಣ ‘ಬೆಕ್ಕು ಎಲ್ಲಿದೆ’ ಅಂತ ನಿಮಗೆ ಹೇಳುತ್ತದೆ, ‘ಈ ಬೆಕ್ಕು ಯಾರದು’ ಅಂತ ಎದುರಿಗಿರುವವರಿಗೆ ಹೇಳುವುದಿಲ್ಲ. ತೂಕ ಹೆಚ್ಚಾದಷ್ಟೂ ಕಳಚುವ ಬಕಲ್ಲು ಬೇಗ ಬಿಚ್ಚಿಕೊಳ್ಳುತ್ತದೆ, ಬಿಚ್ಚಿಕೊಂಡ ಮೇಲೆ ಅದು ತೋರಿಸುವುದು ಪಟ್ಟಿ ಬಿದ್ದ ಜಾಗವನ್ನು. ಆಪಲ್ ಕಂಪನಿಯ ಪತ್ತೆ ಬಿಲ್ಲೆ ಏರ್‌ಟ್ಯಾಗ್ ಸುಮಾರು 11 ಗ್ರಾಂ ಮಾತ್ರ ಇದ್ದರೂ ಸುತ್ತಮುತ್ತ ಆಪಲ್ ಉಪಕರಣಗಳು ಇದ್ದರಷ್ಟೇ ಸುಳಿವು ಕೊಡುತ್ತದೆ. ಹಾಕುವುದಾದರೆ ಹಾಕಿ, ಆದರೆ ಅದರ ಮೇಲೂ ಒಂದು ನಂಬರು ಅಂಟಿಸಿ.

ಇವೆಲ್ಲ ಕಳಚಿ ಬಿದ್ದಾಗ ಉಳಿಯುವುದು ಮೈಕ್ರೋಚಿಪ್. ಸುಮಾರು 12 ಮಿ.ಮೀ. ಉದ್ದ, 2 ಮಿ.ಮೀ. ದಪ್ಪದ ಗಾಜಿನ ಕೊಳವೆ. ಒಳಗೆ ತಂತಿಯ ಸುರುಳಿ ಮತ್ತು ಪುಟ್ಟ ಚಿಪ್. ಬ್ಯಾಟರಿ ಇಲ್ಲ, ಸ್ಕ್ಯಾನರಿನ ಅಲೆಯಿಂದಲೇ ಶಕ್ತಿ ಪಡೆದು ತನ್ನ ಸಂಖ್ಯೆಯನ್ನು ಹೇಳುತ್ತದೆ. ಆದ್ದರಿಂದ ಅದು ಬೆಕ್ಕು ಇರುವ ಜಾಗವನ್ನು ತೋರಿಸಲಾರದು. ಕೊಳ್ಳುವಾಗ ಐಎಸ್‌ಒ 11784 ಮತ್ತು 11785 ಅನ್ನುವ ಅಂತರರಾಷ್ಟ್ರೀಯ ಮಾನದಂಡದ, 134.2 ಕಿಲೋಹರ್ಟ್ಜ್‌ನ, 15 ಅಂಕಿಯ ಚಿಪ್ಪನ್ನೇ ಕೇಳಿ. ಹಳೆಯ 125 ಕಿಲೋಹರ್ಟ್ಜ್‌ನ ಚಿಪ್ಪನ್ನು ಎಲ್ಲ ಸ್ಕ್ಯಾನರುಗಳೂ ಓದುವುದಿಲ್ಲ. ಎರಡು ಹೆಗಲ ಮೂಳೆಗಳ ನಡುವೆ ಚರ್ಮದ ಕೆಳಗೆ ಸೂಜಿಯಿಂದ ಇಡುತ್ತಾರೆ. ಸೂಜಿ ಲಸಿಕೆಯದಕ್ಕಿಂತ ದಪ್ಪ, ಆದರೆ ಅರಿವಳಿಕೆ ಬೇಕಿಲ್ಲ. ಸಂತಾನಹರಣ ಶಸ್ತ್ರಚಿಕಿತ್ಸೆಯ ದಿನವೇ ಹಾಕಿಸಿದರೆ ಆ ಚುಚ್ಚೂ ತಿಳಿಯುವುದಿಲ್ಲ.

ಆ ದಿನ ಮೂರು ಸಲ ಸ್ಕ್ಯಾನ್ ಮಾಡಲು ಕೇಳಿ. ಚುಚ್ಚುವ ಮೊದಲು ಬೆಕ್ಕನ್ನು, ಏಕೆಂದರೆ ಹಿಂದೆ ಯಾರೋ ಹಾಕಿಸಿದ ಚಿಪ್ ಇರಬಹುದು. ಆಮೇಲೆ ಸಿರಿಂಜಿನಲ್ಲಿರುವ ಚಿಪ್ಪನ್ನು. ಕೊನೆಗೆ ಮತ್ತೆ ಬೆಕ್ಕನ್ನು. ಪರದೆಯ ಮೇಲಿನ 15 ಅಂಕಿಗಳನ್ನೂ ಕಾಗದದಲ್ಲಿ ಬರೆದದ್ದನ್ನೂ ಒಂದೊಂದಾಗಿ ತಾಳೆ ನೋಡಿ. ಚುಚ್ಚಿದ ತೂತಿನಿಂದಲೇ ಚಿಪ್ ಹೊರಜಾರುವುದು ಅಪರೂಪಕ್ಕೆ ಆಗುತ್ತದೆ, ಹಾಗಾಗಿ ಮುಂದಿನ ಭೇಟಿಯಲ್ಲಿ ಒಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಲಸಿಕೆಯ ಜೊತೆಗೆ ಸ್ಕ್ಯಾನ್ ಆಗಲಿ. ಬಾಳಿಕೆಯ ಬಗ್ಗೆ ಚಿಂತೆ ಬೇಡ: ಮೇಲೆ ಹೇಳಿದ ಅಧ್ಯಯನದಲ್ಲೇ ಆರು ತಿಂಗಳ ನಂತರ ಪರೀಕ್ಷಿಸಿದ 478 ಚಿಪ್ಪುಗಳಲ್ಲಿ 477 ಕೆಲಸ ಮಾಡುತ್ತಿದ್ದವು. ಬಾಗಿಲಲ್ಲಿ ಚಿಪ್ ಓದಿ ತೆರೆದುಕೊಳ್ಳುವ ಬೆಕ್ಕಿನ ಕಿಂಡಿ ಇದ್ದರಂತೂ ಚಿಪ್ ಸರಿಯಿದೆಯೇ ಅಂತ ದಿನವೂ ಗೊತ್ತಾಗುತ್ತದೆ.

ಕೈಕೊಡುವುದು ದಾಖಲೆ. ಚಿಪ್ಪಿನಲ್ಲಿ ಇರುವುದು ಬರೀ ಸಂಖ್ಯೆ. ಹೆಸರು, ಫೋನು ಇರುವುದು ಆ ಸಂಖ್ಯೆಯನ್ನು ಯಜಮಾನರ ವಿವರದ ಜೊತೆ ದಾಖಲಿಸುವ ನೋಂದಣಿಯಲ್ಲಿ. ಚಿಪ್ ಹಾಕಿಸಿ ನೋಂದಾಯಿಸದವರು, ನೋಂದಾಯಿಸಿ ನಂಬರು ಬದಲಾದಾಗ ತಿದ್ದದವರು ಬಹಳ. 2009ರಲ್ಲಿ ಪ್ರಕಟವಾದ ಲಾರ್ಡ್ ತಂಡದ ಇನ್ನೊಂದು ಅಧ್ಯಯನ ಅಮೆರಿಕದ 53 ಪ್ರಾಣಿ ಆಶ್ರಯಗಳದ್ದು. ಅಲ್ಲಿ ಚಿಪ್ ಇದ್ದ ಬೆಕ್ಕುಗಳಲ್ಲಿ ಶೇ. 38.5 ಮನೆ ಸೇರಿದವು; ಒಟ್ಟಾರೆ ದಿಕ್ಕುತಪ್ಪಿ ಬಂದ ಬೆಕ್ಕುಗಳಲ್ಲಿ ಮನೆ ಸೇರಿದ್ದು ಶೇ. 1.8 ಮಾತ್ರ. ವ್ಯತ್ಯಾಸ ದೊಡ್ಡದೇ. ಆದರೂ ಚಿಪ್ ಇದ್ದೂ ಯಜಮಾನರು ಸಿಗದೆ ಹೋದದ್ದಕ್ಕೆ ಎದ್ದು ಕಂಡ ಕಾರಣ ತಪ್ಪಾದ ಅಥವಾ ನಿಂತುಹೋದ ಫೋನ್ ನಂಬರು, ಶೇ. 35.4. ಸಿಮ್ ಬದಲಿಸಿದ ದಿನವೇ ನೋಂದಣಿಯನ್ನೂ ತಿದ್ದಿ, ನಿಮ್ಮ ಜೊತೆ ಇರದ ಒಬ್ಬ ನೆಂಟರ ನಂಬರನ್ನೂ ಸೇರಿಸಿ.

ಕಿವಿಯ ಗುರುತುಗಳನ್ನು ಜನ ಹೆಚ್ಚಾಗಿ ತಪ್ಪು ಓದುತ್ತಾರೆ. ಒಂದು ಕಿವಿಯ ತುದಿ, ಸಾಮಾನ್ಯವಾಗಿ ಎಡಕಿವಿಯದು, ಸುಮಾರು 1 ಸೆಂ.ಮೀ. ನೇರವಾಗಿ ಕತ್ತರಿಸಿದ್ದರೆ ಅದು ಗಾಯವಲ್ಲ. ಬೀದಿ ಬೆಕ್ಕಿಗೆ ಸಂತಾನಹರಣ ಆಗಿದೆ ಅನ್ನುವ ಗುರುತು, ಅರಿವಳಿಕೆಯಲ್ಲಿ ಮಾಡಿದ್ದು. ಜಗಳದ ಹರಕು ಅಂಕುಡೊಂಕಾಗಿರುತ್ತದೆ. ತುದಿ ಕತ್ತರಿಸಿದ ಬೆಕ್ಕನ್ನು ಆಮೇಲೆ ಯಾರಾದರೂ ಮನೆಗೆ ತಂದು ಸಾಕಿರಬಹುದು, ಹಾಗಾಗಿ ಅದು ‘ಯಾರದೂ ಅಲ್ಲ’ ಅನ್ನುವುದಕ್ಕೆ ಪುರಾವೆಯಾಗದು. ಗುರುತಿಗಾಗಿ ಕಿವಿಯೊಳಗೆ ಹಾಕಿದ ಹಚ್ಚೆ ವರ್ಷ ಕಳೆದಂತೆ ಮಸುಕಾಗುತ್ತದೆ. ಕಿವಿಯ ಹಿಂದಿನಿಂದ ಟಾರ್ಚ್ ಹಿಡಿದರೆ ಒಮ್ಮೊಮ್ಮೆ ಓದಲು ಬರುತ್ತದೆ.

ಕೊರಳು ಬರಿದಾದ ಬೆಕ್ಕು ನಿಮ್ಮ ಅಂಗಳಕ್ಕೆ ಬರುತ್ತಿದ್ದರೆ ಕಾಗದದ ಪಟ್ಟಿ ಕಟ್ಟಿ. 2 ಸೆಂ.ಮೀ. ಅಗಲ, 30 ಸೆಂ.ಮೀ. ಉದ್ದದ ಸಾದಾ ಕಾಗದದ ಮೇಲೆ ‘ಈ ಬೆಕ್ಕು ನಿಮ್ಮದೇ? ಕರೆ ಮಾಡಿ’ ಅಂತ ನಂಬರಿನ ಜೊತೆ ಬರೆಯಿರಿ. ಎರಡು ಬೆರಳು ತೂರುವಂತೆ ಸುತ್ತಿ, ತುದಿಗಳು ಕೂಡುವಲ್ಲಿ ಮಾತ್ರ ಚಿಕ್ಕ ಟೇಪು ಅಂಟಿಸಿ. ಇಡೀ ಪಟ್ಟಿಗೆ ಟೇಪು ಸುತ್ತಿದರೆ ಕಾಗದ ಹರಿಯುವುದಿಲ್ಲ, ಹರಿಯುವುದೇ ಅದರ ಸುರಕ್ಷತೆ. ಟೇಪು ಕೂದಲಿಗೆ ತಾಗದಿರಲಿ. ಕರೆ ಬರದೆ ಪಟ್ಟಿ ಮಾಯವಾಗಿದ್ದರೆ ಇನ್ನೊಂದು ಕಟ್ಟಿ. ಎಲ್ಲೋ ಉದುರಿರಬಹುದು, ಯಾರೋ ತೆಗೆದಿರಲೂಬಹುದು. ಆಗಲೂ ಉತ್ತರ ಬರದಿದ್ದರೆ ಸ್ಕ್ಯಾನಿಗೆ ಕರೆದೊಯ್ಯಿರಿ. ಸ್ಕ್ಯಾನರನ್ನು ಮೈಗೆ ತಾಗಿಸಿ ನಿಧಾನವಾಗಿ, ಹೆಗಲ ನಡುವಿನಿಂದ ಶುರುಮಾಡಿ ಬೆನ್ನು, ಎರಡೂ ಭುಜ, ಮೊಣಕೈ, ಎದೆಯವರೆಗೆ ಆಡಿಸಲು ಹೇಳಿ, ಚಿಪ್ ಸರಿದು ಅಲ್ಲಿಗೆಲ್ಲ ಹೋಗಿರಬಹುದು. ಮೊದಲ ಸಲ ಏನೂ ಸಿಗದಿದ್ದರೆ ಬೆಕ್ಕನ್ನು ಲೋಹದ ಮೇಜಿನಿಂದ ಎತ್ತಿ ತೊಡೆಯ ಮೇಲಿಟ್ಟುಕೊಂಡು, ಸ್ಕ್ಯಾನರನ್ನು ಅಡ್ಡ ತಿರುಗಿಸಿ, ಇನ್ನೊಮ್ಮೆ ಪೂರ್ತಿ ಮಾಡಿಸಿ.