"ದೊಡ್ಡದೇ ಇರಲಿ ಬಿಡಿ" ಅಂದು ತಂದ ಫರ್ನೇಸಿನ ಕಥೆ

ನಾವಿರುವುದು ಕೆನಡಾದ ಒಟ್ಟಾವಾದಲ್ಲಿ. 1980ರ ದಶಕದಲ್ಲಿ ಕಟ್ಟಿದ, ಹತ್ತಿರ ಹತ್ತಿರ 2,000 ಚದರಡಿಯ ಮನೆ. ಮೂರು ವರ್ಷದ ಹಿಂದೆ ಜನವರಿಯ ಒಂದು ಶುಕ್ರವಾರ ರಾತ್ರಿ, ಗ್ಯಾಸ್ ಉರಿಸಿ ಮನೆಗೆಲ್ಲ ಬಿಸಿ ಗಾಳಿ ಕಳಿಸುವ ಫರ್ನೇಸ್ ನಿಂತುಹೋಯಿತು. ಹೊರಗೆ ಮೈನಸ್ 27. ಒಳಗೆ ಹನ್ನೆರಡು ದಿನದ ಕೂಸು, ಹಸಿ ಬಾಣಂತಿ, ಬಾಣಂತನಕ್ಕೆ ಅಂತ ಹಾಸನದಿಂದ ಬಂದಿದ್ದ ನಮ್ಮತ್ತೆ.

ಅತ್ತೆ ಕೂಸಿಗೆ ಎರಡು ಕುಲಾವಿ ಹಾಕಿ, "ಒಂದು ಅಗ್ಗಿಷ್ಟಿಕೆ ಇದ್ದಿದ್ರೆ ಸಾಕಿತ್ತು" ಅಂದರು. ಅದನ್ನು ಮಾತ್ರ ಯಾರೂ ಮಾಡಬೇಡಿ. ಕಿಟಕಿ ಬಾಗಿಲು ಗಟ್ಟಿಯಾಗಿ ಮುಚ್ಚಿದ ಇಲ್ಲಿನ ಮನೆಯೊಳಗೆ ಕೆಂಡ ಇಟ್ಟರೆ ಕಾರ್ಬನ್ ಮೊನಾಕ್ಸೈಡ್ ಅನ್ನುವ ವಿಷಗಾಳಿ ತುಂಬಿ ಜೀವಕ್ಕೇ ಕುತ್ತು. ಬಾರ್ಬೆಕ್ಯೂ ಒಲೆ ಒಳಗೆ ತರುವುದೂ ಅಷ್ಟೇ. (ಅತ್ತೆ ಮೊದಲ ವಾರವೇ ಸಾಂಬ್ರಾಣಿ ಹಾಕಿ ಹೊಗೆ ಅಲಾರಂ ಕೂಗಿಸಿದ್ದರು. ಅದು ಬೇರೆ ಕಥೆ.)

ಬೆಳಿಗ್ಗೆ ಸಿಕ್ಕಿದ ಮೊದಲ ಕಂಪನಿಗೆ ಫೋನ್ ಮಾಡಿದೆ. ಹೆಸರು ಬೇಡ. ಒಬ್ಬರು ಬಂದರು, ಬೇಸ್‌ಮೆಂಟಿಗೆ ಇಳಿದರು, ಐದು ನಿಮಿಷಕ್ಕೆ ಮೇಲೆ ಬಂದರು. ಹೀಟ್ ಎಕ್ಸ್‌ಚೇಂಜರ್ (ಉರಿಯ ಬಿಸಿಯನ್ನು ಗಾಳಿಗೆ ದಾಟಿಸುವ ಲೋಹದ ಭಾಗ) ಸೀಳಿದೆ, ರಿಪೇರಿ ಆಗಲ್ಲ ಅಂದರು. ಅದು ನಿಜವೇ ಇತ್ತು, ಬಿರುಕನ್ನು ನಾನೇ ಕಣ್ಣಾರೆ ನೋಡಿದೆ. ಮೋಸ ಅಲ್ಲಿರಲಿಲ್ಲ. ಆಮೇಲೆ ಕೇಳಿದ ಪ್ರಶ್ನೆ ಒಂದೇ: "ಮನೆ ಎಷ್ಟು ಚದರಡಿ?" ಎರಡು ಸಾವಿರ ಅಂದೆ. ಚದರಡಿಗೆ 50 ಬಿಟಿಯು (ಬಿಸಿಯನ್ನು ಅಳೆಯುವ ಮಾನ, ಫರ್ನೇಸಿಗೆ ಗಂಟೆಯ ಲೆಕ್ಕ) ಹಿಡಿದು, "ಒಂದು ಲಕ್ಷ ಬಿಟಿಯುದು ಹಾಕೋಣ. ಹಳೆಯದು 75 ಸಾವಿರದ್ದು. ಚಿಕ್ಕ ಮಗು ಇದೆ, ದೊಡ್ಡದೇ ಇರಲಿ" ಅಂದರು. ಬೆಲೆಯಲ್ಲಿ ವ್ಯತ್ಯಾಸ ಬರೀ ಮುನ್ನೂರು ಡಾಲರ್.

ನಾನು ಬೆಳೆದದ್ದೇ ಆ ಲೆಕ್ಕದಲ್ಲಿ. ಬೆಳೆಯೋ ಹುಡುಗ, ಒಂದು ಸೈಜ್ ದೊಡ್ಡ ಚಪ್ಪಲಿ ತಗೋ. ನೆಂಟರು ಬರ್ತಾರೆ, ದೊಡ್ಡ ಕುಕ್ಕರ್ ತಗೋ. ಹಾಗಾಗಿ ತಲೆಯಾಡಿಸಿದೆ. 6,200 ಡಾಲರ್. ಸಂಜೆಗೆ ಮನೆ ಬೆಚ್ಚಗಾಯಿತು. ಕೆಲಸದವರಿಗೆ ಅತ್ತೆ ಬಿಸಿ ಬಿಸಿ ಕಾಫಿ ಕೊಟ್ಟು ಕಳಿಸಿದರು.

ವಾರ ಕಳೆಯುವಷ್ಟರಲ್ಲಿ ಗೋಳು ಶುರು. ಫರ್ನೇಸ್ ಹೊತ್ತಿಕೊಂಡರೆ ಬಿರುಗಾಳಿ ಬಂದ ಹಾಗೆ ಸದ್ದು. ಐದಾರು ನಿಮಿಷ ಉರಿಯುತ್ತದೆ, ಆರುತ್ತದೆ. ಹತ್ತು ನಿಮಿಷಕ್ಕೆ ಮತ್ತೆ ಭರ್ ಅನ್ನುತ್ತದೆ. ನಿದ್ದೆ ಬಂದ ಕೂಸು ಬೆಚ್ಚಿ ಏಳುತ್ತದೆ. ಕೆಳಗಿನ ಹಾಲ್‌ನಲ್ಲಿ ಸೆಕೆ, ಮೇಲಿನ ಮೂಲೆ ರೂಮಿನಲ್ಲಿ 17 ಡಿಗ್ರಿ. ಬಾಣಂತಿ ಮಲಗುತ್ತಿದ್ದದ್ದು ಅದೇ ಮೂಲೆ ರೂಮಿನಲ್ಲಿ.

ಕಾರಣ ತೀರಾ ಸರಳ. ಬಿಸಿ ನೋಡಿ ಫರ್ನೇಸನ್ನು ಆನ್ ಆಫ್ ಮಾಡುವ ಥರ್ಮೋಸ್ಟಾಟ್ ಇರುವುದು ಕೆಳಗಿನ ಹಾಲ್‌ನಲ್ಲಿ. ಲಕ್ಷ ಬಿಟಿಯು ಬಿಸಿ ಒಮ್ಮೆಲೇ ನುಗ್ಗಿದರೆ ಹಾಲ್ ಬೇಗ 21 ಡಿಗ್ರಿ ಮುಟ್ಟುತ್ತದೆ, ಫರ್ನೇಸ್ ಆಫ್ ಆಗುತ್ತದೆ. ದೂರದ ರೂಮಿನ ಗೋಡೆ ಕಾಯುವಷ್ಟು ಹೊತ್ತು ಅದು ಓಡುವುದೇ ಇಲ್ಲ. ಸಣ್ಣ ಉರಿಯಲ್ಲಿ ನಿಧಾನಕ್ಕೆ ಕಾದ ಹಂಡೆ ನೀರಿಗೂ ಗೀಸರ್ ನೀರಿಗೂ ಇರುವ ವ್ಯತ್ಯಾಸ ಗೊತ್ತಲ್ವಾ, ಇದೂ ಹಾಗೇ. ಅಷ್ಟು ಬಿಸಿಯನ್ನು ಸಾಗಿಸುವಷ್ಟು ಗಾಳಿ ನಮ್ಮ ಹಳೇ ಡಕ್ಟುಗಳಲ್ಲಿ, ಅಂದರೆ ಗಾಳಿ ಸಾಗಿಸುವ ಕೊಳವೆಗಳಲ್ಲಿ, ಹೋಗುವುದೂ ಇಲ್ಲ. ಗಾಳಿ ಸಾಲದೆ ಒಳಗಿನ ಲೋಹ ಕೆಂಪೇರುವ ಮೊದಲೇ ಲಿಮಿಟ್ ಸ್ವಿಚ್ ಉರಿ ಆರಿಸುತ್ತದೆ. ದಿನಾ ಹೀಗೆ ಕಾದು ತಣ್ಣಗಾಗುತ್ತಿದ್ದರೆ ಹೊಸ ಹೀಟ್ ಎಕ್ಸ್‌ಚೇಂಜರೂ ಬೇಗ ಸೀಳುತ್ತದೆ.

ಕಂಪನಿಗೆ ಮೂರು ಸಲ ಫೋನ್ ಮಾಡಿದೆ. ಪ್ರತಿ ಸಲವೂ "ನಿಮ್ಮ ಡಕ್ಟ್ ಸರಿ ಇಲ್ಲ" ಎಂಬ ಒಂದೇ ಉತ್ತರ. ಡಕ್ಟ್ ನೋಡದೆ ಫರ್ನೇಸ್ ಮಾರಿದ್ದು ಯಾರು ಅಂತ ಕೇಳಿದರೆ ಮೌನ. ಕೊನೆಗೆ ಬೇರೆ ಒಬ್ಬ ಟೆಕ್ನಿಷಿಯನ್ ಅವರನ್ನು ಕರೆಸಿದೆ. ಅವರು ಡಕ್ಟಿಗೆ ಸಣ್ಣ ತೂತು ಕೊರೆದು ಒತ್ತಡ ಅಳೆದರು. ಗಾಳಿಯ ಒತ್ತಡ 0.5 ಇಂಚು (ನೀರಿನ ಮಟ್ಟದ ಲೆಕ್ಕದಲ್ಲಿ) ದಾಟಬಾರದು ಅಂತ ಫರ್ನೇಸಿನ ಮೇಲಿನ ಲೇಬಲ್ ಹೇಳುತ್ತಿತ್ತು, ಮೀಟರ್ 0.9 ತೋರಿಸಿತು. "ದೊಡ್ಡ ಹೃದಯಕ್ಕೆ ಸಣ್ಣ ರಕ್ತನಾಳ ಜೋಡಿಸಿದ್ದಾರೆ" ಅಂದರು. ಆಮೇಲೆ ಹಳೇ ಗ್ಯಾಸ್ ಬಿಲ್ ಕೇಳಿ, ಕಾಗದದ ಮೇಲೆ ಒಂದು ಲೆಕ್ಕ ಹಾಕಿ ತೋರಿಸಿದರು. ಈ ಬರಹ ಬರೆಯುತ್ತಿರುವುದೇ ಆ ಲೆಕ್ಕಕ್ಕೋಸ್ಕರ.

ಹಿಂದಿನ ವರ್ಷದ ಜನವರಿಯಲ್ಲಿ ನಾವು ಸುಟ್ಟ ಗ್ಯಾಸ್ 560 ಘನ ಮೀಟರ್. ಸ್ನಾನ, ಅಡುಗೆಗೆ 50 ಕಳೆಯಿರಿ, ಉಳಿದದ್ದು 510. ಒಂದು ಘನ ಮೀಟರಿನಲ್ಲಿ ಸುಮಾರು 35,000 ಬಿಟಿಯು ಇರುತ್ತದೆ. ಹಳೇ ಫರ್ನೇಸ್ ಅದರಲ್ಲಿ 80 ಪರ್ಸೆಂಟ್ ಮಾತ್ರ ಮನೆಗೆ ಕೊಡುತ್ತಿತ್ತು, ಉಳಿದದ್ದು ಚಿಮಣಿ ಪಾಲು. ಗುಣಿಸಿ, ಜನವರಿಯ 744 ಗಂಟೆಗಳಿಂದ ಭಾಗಿಸಿ. ಗಂಟೆಗೆ ಸುಮಾರು 19,000 ಬಿಟಿಯು ಬರುತ್ತದೆ. ಇದು ಸರಾಸರಿ. ಆ ತಿಂಗಳ ಸರಾಸರಿ ಚಳಿ ಮೈನಸ್ 10, ಒಳಗೆ 20, ಅಂದರೆ 30 ಡಿಗ್ರಿ ಅಂತರ. ಒಟ್ಟಾವಾದಲ್ಲಿ ಕಟ್ಟಡದ ಲೆಕ್ಕಕ್ಕೆ ಹಿಡಿಯುವ ಚಳಿ ಮೈನಸ್ 25. ಅಂತರ 45 ಆಯಿತು, ಅಂದರೆ ಒಂದೂವರೆ ಪಟ್ಟು. ಅಂತರ ಎಷ್ಟು ಪಟ್ಟೋ, ಬೇಕಾಗುವ ಬಿಸಿಯೂ ಅಷ್ಟೇ ಪಟ್ಟು. ಹತ್ತೊಂಬತ್ತು ಸಾವಿರದ ಒಂದೂವರೆ ಪಟ್ಟು ಎಷ್ಟು? ಹತ್ತಿರ ಹತ್ತಿರ 29 ಸಾವಿರ.

ನಮ್ಮ ಮನೆಗೆ ಬೇಕಿದ್ದದ್ದು ಹೆಚ್ಚೆಂದರೆ 30 ಸಾವಿರ. ಮೇಲೆ 40 ಪರ್ಸೆಂಟ್ ಧಾರಾಳವಾಗಿ ಸೇರಿಸಿದರೂ 42 ಸಾವಿರ. ನಾನು ತಂದಿಟ್ಟುಕೊಂಡದ್ದು ಒಂದು ಲಕ್ಷದ್ದು. ಹಳೇ 75 ಸಾವಿರದ್ದೇ ಜಾಸ್ತಿ ಆಗಿತ್ತು!

ಇದು ಕೈಲೆಕ್ಕ ಅಷ್ಟೇ. ಪಕ್ಕಾ ಲೆಕ್ಕ ಬೇಕಾದರೆ ಗೋಡೆ, ಕಿಟಕಿ, ಇನ್ಸುಲೇಷನ್, ಗಾಳಿ ಸೋರಿಕೆ ಎಲ್ಲ ಅಳೆದು ಹೀಟ್ ಲಾಸ್, ಅಂದರೆ ಮನೆಯಿಂದ ಎಷ್ಟು ಬಿಸಿ ಹೊರಹೋಗುತ್ತದೆ ಅನ್ನುವುದನ್ನು, ತೆಗೆಯುತ್ತಾರೆ. ಕೆನಡಾದಲ್ಲಿ ಅದಕ್ಕೆ ಸಿಎಸ್‌ಎ ಎಫ್280 ಅನ್ನುವ ಸ್ಟ್ಯಾಂಡರ್ಡ್ ಇದೆ, ಅಮೆರಿಕದಲ್ಲಿ ಮ್ಯಾನುಯಲ್ ಜೆ. ಬಂದವರಿಗೆ ಈ ಹೆಸರು ಹೇಳಿ ನೋಡಿ. ಮುಖ ಗಂಟಿಕ್ಕಿಕೊಂಡರೆ ಕಾಫಿ ಕೊಟ್ಟು ಕಳಿಸಿಬಿಡಿ.

ಇನ್ನೊಂದು ಹೊಟ್ಟೆಯುರಿ ಇದೆ. ಹೊರಗಿನ ಗಾಳಿಯಿಂದಲೇ ಬಿಸಿ ಎಳೆದು ಒಳಗೆ ತರುವ, ಕರೆಂಟಿನಲ್ಲಿ ಓಡುವ ಹೀಟ್ ಪಂಪ್ ಹಾಕಬಹುದಾ ಅಂತ ಅವತ್ತೇ ಆ ಕಂಪನಿಯವರನ್ನು ಕೇಳಿದ್ದೆ. "ಈ ಊರಿನ ಚಳಿಗೆ ಅದು ನಡೆಯಲ್ಲ" ಅಂದುಬಿಟ್ಟರು. ಸುಳ್ಳು. ಚಳಿ ಊರಿಗೆಂದೇ ಮಾಡಿದ ಹೀಟ್ ಪಂಪ್‌ಗಳು ಮೈನಸ್ 25ರಲ್ಲೂ ಬಿಸಿ ಕೊಡುತ್ತವೆ. ಚಳಿ ಏರಿದಂತೆ ಅವುಗಳ ಶಕ್ತಿ ಕುಗ್ಗುತ್ತದೆ ಅನ್ನುವುದು ನಿಜ. ಅದಕ್ಕೇ ಇಲ್ಲಿ ಬಹಳ ಜನ ಹೀಟ್ ಪಂಪ್ ಜೊತೆ ಒಂದು ಸಣ್ಣ ಗ್ಯಾಸ್ ಫರ್ನೇಸ್ ಇಟ್ಟುಕೊಳ್ಳುತ್ತಾರೆ. ಬೇಸಿಗೆಯಲ್ಲಿ ಅದೇ ಏಸಿ ಕೂಡ. ನಮ್ಮ ಏಸಿಗೂ ಆಗ ಹದಿನಾರು ವರ್ಷವಾಗಿತ್ತು. ಒಂದೇ ಕಲ್ಲಿಗೆ ಎರಡು ಮಾವಿನಕಾಯಿ ಬೀಳುತ್ತಿತ್ತು. ಬಿಟ್ಟೆ.

ಹಾಗಾದರೆ ಆ ಚಳಿಯಲ್ಲಿ, ಕೂಸು ಇಟ್ಟುಕೊಂಡು, ಲೆಕ್ಕ ಹಾಕುತ್ತಾ ಕೂರಬೇಕಿತ್ತಾ ಅಂತ ನನ್ನ ಹೆಂಡತಿಯೂ ಕೇಳಿದಳು. ಎರಡು ದಿನ ಹೇಗೋ ತಳ್ಳಬಹುದಿತ್ತು. ಎಣ್ಣೆ ತುಂಬಿದ 1,500 ವ್ಯಾಟ್ ರೇಡಿಯೇಟರ್ ಹೀಟರ್‌ಗಳನ್ನು ತಂದು, ಎಲ್ಲರೂ ಒಂದೆರಡು ರೂಮಿನಲ್ಲಿ ಸೇರಿಕೊಂಡು, ಉಳಿದ ಬಾಗಿಲು ಮುಚ್ಚಿದ್ದರೆ ಆಗುತ್ತಿತ್ತು. ಒಂದು ಸರ್ಕ್ಯೂಟಿಗೆ ಒಂದೇ ಹೀಟರ್, ಎರಡು ಹಾಕಿದರೆ ಬ್ರೇಕರ್ ಬೀಳುತ್ತದೆ. ಎಕ್ಸ್‌ಟೆನ್ಷನ್ ವೈರ್ ಬೇಡವೇ ಬೇಡ. ಪೈಪ್ ಹೆಪ್ಪುಗಟ್ಟದಂತೆ ನಲ್ಲಿಯಲ್ಲಿ ಸಣ್ಣ ಧಾರೆ ಬಿಟ್ಟಿರಬೇಕು, ಸಿಂಕ್ ಕೆಳಗಿನ ಬಾಗಿಲು ತೆರೆದಿಡಬೇಕು. ಅಷ್ಟರಲ್ಲಿ ಮೂರು ಕಡೆ ಬೆಲೆ ಕೇಳಬಹುದಿತ್ತು. ಇನ್ನೂ ಒಂದು ದಾರಿ ಇತ್ತು. ನಮ್ಮ ಒಂಟಾರಿಯೋ ಪ್ರಾಂತ್ಯದಲ್ಲಿ ಮನೆಗೇ ಬಂದು ಸಹಿ ಹಾಕಿಸಿಕೊಂಡ ಒಪ್ಪಂದವನ್ನು ಹತ್ತು ದಿನದೊಳಗೆ ರದ್ದು ಮಾಡುವ ಹಕ್ಕು ಗ್ರಾಹಕನಿಗಿದೆ. ನನಗೆ ಅದು ಗೊತ್ತಾದದ್ದು ಹನ್ನೊಂದನೇ ವಾರಕ್ಕೆ.

ಒಂದು ವಿಷಯದಲ್ಲಿ ಮಾತ್ರ ಬಚಾವಾದೆ. ತಿಂಗಳ ಬಾಡಿಗೆಗೆ ಫರ್ನೇಸ್ ಕೊಡುತ್ತೇವೆ ಅಂದಿದ್ದರು, ನಾನು ಒಪ್ಪಲಿಲ್ಲ. ಇಂಥ ಬಾಡಿಗೆ ಒಪ್ಪಂದಗಳ ಹೆಸರಲ್ಲಿ ಮನೆಯ ಪತ್ರದ ಮೇಲೆ ಹಕ್ಕು ದಾಖಲಿಸಿ, ಮನೆ ಮಾರುವಾಗ ಸಾವಿರಾರು ಡಾಲರ್ ಕಕ್ಕಿಸುವ ದಂಧೆ ಇಲ್ಲಿ ಎಷ್ಟು ಬೆಳೆದಿತ್ತೆಂದರೆ, ಒಂಟಾರಿಯೋ ಸರ್ಕಾರ 2024ರಲ್ಲಿ ಕಾನೂನು ತಂದು ಅದನ್ನು ನಿಲ್ಲಿಸಬೇಕಾಯಿತು.

ನಮ್ಮ ಫರ್ನೇಸ್ ಈಗಲೂ ಅಲ್ಲೇ ಇದೆ. ಇನ್ನೊಂದು 1,400 ಡಾಲರ್ ಸುರಿದು ರೂಮಿನ ಗಾಳಿಯನ್ನು ಫರ್ನೇಸಿಗೆ ವಾಪಸ್ ತರುವ ರಿಟರ್ನ್ ಡಕ್ಟ್ ಒಂದನ್ನು ಹೆಚ್ಚಿಗೆ ಹಾಕಿಸಿದೆ. ಸದ್ದು ಕಮ್ಮಿಯಾಗಿದೆ, ಮೂಲೆ ರೂಮು 19ಕ್ಕೆ ಬಂದಿದೆ. ಮಗಳಿಗೆ ಈಗ ಮೂರು ವರ್ಷ, ಬೇಸ್‌ಮೆಂಟಿನಿಂದ ಭರ್ ಅಂದ ಕೂಡಲೇ ಅವಳೂ ಜೊತೆಗೆ ಭರ್ ಅನ್ನುತ್ತಾಳೆ. ಆ ಟೆಕ್ನಿಷಿಯನ್ ಬರೆದ ಕಾಗದವನ್ನು ಫರ್ನೇಸಿಗೇ ಅಂಟಿಸಿದ್ದೇನೆ. ಹೋದ ವಾರ ಗೆಳೆಯನೊಬ್ಬ ಕ್ಯಾಲ್ಗರಿಯಿಂದ ಫೋನ್ ಮಾಡಿ, "ನಮ್ಮದು ಹತ್ತೊಂಬತ್ತು ವರ್ಷದ ಫರ್ನೇಸ್ ಕಣೋ, ಯಾವ ಕಂಪನಿದು ಹಾಕಿಸ್ಲಿ?" ಅಂದ. ಕಂಪನಿ ಆಮೇಲೆ, ಮೊದಲು ಜನವರಿ ಬಿಲ್ ಹುಡುಕು ಅಂದೆ.