ನಡೆಯುತ್ತಿರುವ ಬೊಟಿಕ್ ಕೊಳ್ಳಲು ಹೊರಟಿದ್ದೀರಾ? ಸಹಿ ಹಾಕುವ ಮೊದಲು ಇದನ್ನು ಓದಿ

ದೊಡ್ಡ ನಗರದಲ್ಲಿ ಬಟ್ಟೆಯ ಬೊಟಿಕ್ ಮಾಡಬೇಕು ಅಂತ ಓಡಾಡುವವರಿಗೆ ಇಂಥ ಜಾಹೀರಾತು ಒಂದಲ್ಲ ಒಂದು ದಿನ ಕಣ್ಣಿಗೆ ಬಿದ್ದೇ ಬೀಳುತ್ತದೆ. 'ಚೆನ್ನಾಗಿ ನಡೆಯುತ್ತಿರುವ ಬೊಟಿಕ್ ಮಾರಾಟಕ್ಕಿದೆ, ಸ್ಟಾಕ್ ಸಮೇತ, ಖಾಯಂ ಗಿರಾಕಿಗಳಿದ್ದಾರೆ, ಮೊದಲ ತಿಂಗಳಿಂದಲೇ ಲಾಭ.' ನಾನು ಅಂಥದ್ದೊಂದನ್ನು ಕೊಂಡೆ. ಹಾಕಿದ ದುಡ್ಡಿನಲ್ಲಿ ಅರ್ಧಕ್ಕಿಂತ ಜಾಸ್ತಿ ಹೋಯಿತು. ಮಾರಿದವರ ಹೆಸರು ಇಲ್ಲಿ ಬೇಡ. ಆದರೆ ಆ ಲೆಕ್ಕ ಹೇಗೆ ಕಟ್ಟಿದ್ದರು ಅನ್ನೋದನ್ನು ಬಿಡಿಸಿ ಹೇಳುತ್ತೇನೆ, ಯಾಕಂದ್ರೆ ಅದೇ ಲೆಕ್ಕವನ್ನು ನಾಳೆ ನಿಮ್ಮ ಮುಂದೆಯೂ ಇಡಬಹುದು.

ಹೆಚ್ಚು ದುಡ್ಡು ಹೋಗಿದ್ದು ಸ್ಟಾಕ್‌ನಲ್ಲಿ. ಅಂಗಡಿಯ ಬೆಲೆಯಲ್ಲಿ ದೊಡ್ಡ ಪಾಲು 'ಇರುವ ಮಾಲಿನ ಬೆಲೆ' ಅಂತ ಇತ್ತು. ಪಟ್ಟಿಯನ್ನೂ ಕೊಟ್ಟಿದ್ದರು, ಕೋಡ್ ನಂಬರ್ ಸಮೇತ, ಬಹಳ ಅಚ್ಚುಕಟ್ಟಾಗಿ. ಆದರೆ ಅದರಲ್ಲಿ ಹಾಕಿದ್ದು ಟ್ಯಾಗ್ ಮೇಲಿನ ಬೆಲೆ. ಬಟ್ಟೆ ವ್ಯಾಪಾರದಲ್ಲಿ ಕೊಂಡ ಬೆಲೆಯ ಎರಡರಷ್ಟು ಟ್ಯಾಗ್ ಹಾಕುವುದು ಹಳೆಯ ರೂಢಿ, ಬೊಟಿಕ್‌ನಲ್ಲಿ ಇನ್ನೂ ಜಾಸ್ತಿಯೇ ಇರುತ್ತದೆ. ಅಂದರೆ ಇನ್ನೂ ಮಾರಾಟವೇ ಆಗದ ಬಟ್ಟೆಯ ಲಾಭವನ್ನು ಅವರು ನನ್ನಿಂದ ಮುಂಗಡವಾಗಿ ತೆಗೆದುಕೊಂಡರು! ಅಂತರರಾಷ್ಟ್ರೀಯ ಲೆಕ್ಕಪತ್ರ ಮಾನದಂಡ ಐಎಎಸ್ 2 ಹೇಳುವುದು ಬೇರೆಯೇ. ದಾಸ್ತಾನಿಗೆ ತಗುಲಿದ ವೆಚ್ಚ ಒಂದು ಕಡೆ, ಅದನ್ನು ಮಾರಿದರೆ ಖರ್ಚು ಕಳೆದು ಕೈಗೆ ಬರುವ ಮೊತ್ತ ಇನ್ನೊಂದು ಕಡೆ, ಎರಡರಲ್ಲಿ ಯಾವುದು ಕಡಿಮೆಯೋ ಅದನ್ನೇ ಬರೆಯಬೇಕು. ಟ್ಯಾಗ್ ಬೆಲೆ ಈ ಲೆಕ್ಕದಲ್ಲಿ ಬರುವುದೇ ಇಲ್ಲ.

ಎಣಿಸಿ ನೋಡೋಣ ಅಂತ ನಾನು ಕೇಳಿದ್ದೆ. ಗಿರಾಕಿಗಳ ಎದುರು ಎಣಿಸಿದರೆ ಅಂಗಡಿ ಮುಚ್ಚುತ್ತಿದೆ ಅಂತ ಸುದ್ದಿ ಹಬ್ಬುತ್ತದೆ, ಕೆಲಸದವರಿಗೂ ಇನ್ನೂ ಹೇಳಿಲ್ಲ, ಪಟ್ಟಿ ಇದೆಯಲ್ಲ ಅಂದರು. ಕೇಳೋಕೆ ಎಷ್ಟು ಸಹಜವಾಗಿದೆ ನೋಡಿ. ಈ ಮಾತು ಯಾರ ಬಾಯಿಂದ ಬಂದರೂ ಅಲ್ಲಿಗೇ ನಿಲ್ಲಿಸಿ. ಅಂಗಡಿ ಮುಚ್ಚಿದ ಮೇಲೆ ರಾತ್ರಿ ಕೂತು ಎಣಿಸಬಹುದು, ಅದಕ್ಕೆ ಯಾರ ಅಡ್ಡಿಯೂ ಇರುವುದಿಲ್ಲ.

ಕೀಲಿ ಕೈಗೆ ಬಂದ ಮೇಲೆ ಹಿಂದಿನ ಕೋಣೆಯ ಡಬ್ಬಗಳನ್ನು ಒಂದೊಂದಾಗಿ ತೆರೆದೆ. ಪಟ್ಟಿಯಲ್ಲಿ 'ಜಾಕೆಟ್' ಅಂತ ಇದ್ದವು ಲೆದರ್ ಅಲ್ಲ, ಪಾಲಿಯುರೆಥೇನ್ ಅನ್ನುವ ಪ್ಲಾಸ್ಟಿಕ್ಕಿನ ಲೇಪ ಕೊಟ್ಟ ಬಟ್ಟೆ. ಈ ಲೇಪ ಗಾಳಿಯ ತೇವಕ್ಕೆ ಒಳಗೊಳಗೇ ಒಡೆಯುತ್ತಾ ಹೋಗುತ್ತದೆ, ಯಾರೂ ಒಂದು ದಿನವೂ ತೊಡದಿದ್ದರೂ ಸರಿ. ಕಾಲರ್ ಹಿಡಿದು ಎತ್ತಿದರೆ ಕಪ್ಪು ಸಿಪ್ಪೆ ಬೆರಳಿಗೆ ಅಂಟಿಕೊಂಡು ಬಂತು. ಪಾಲಿಥಿನ್ ಕವರಿನಲ್ಲಿದ್ದ ಬಿಳಿ ಶರ್ಟುಗಳ ಮಡಿಕೆಯಲ್ಲಿ ಹಳದಿ ಕಲೆ. ಕೆಲವು ಪ್ಲಾಸ್ಟಿಕ್ ಕವರಿನಲ್ಲಿ ಬಿಎಚ್‌ಟಿ ಅನ್ನುವ ರಾಸಾಯನಿಕ ಇರುತ್ತದೆ, ನಗರದ ಗಾಳಿಯಲ್ಲಿರುವ ನೈಟ್ರೋಜನ್ ಆಕ್ಸೈಡ್ ಜೊತೆ ಸೇರಿ ಅದು ಬಟ್ಟೆಯನ್ನು ಹಳದಿ ಮಾಡುತ್ತದೆ. ವಾಹನದ ಹೊಗೆ ಜಾಸ್ತಿ ಇರುವ ರಸ್ತೆಯ ಅಂಗಡಿಯವರು ಇದನ್ನು ನೆನಪಿಟ್ಟುಕೊಳ್ಳಿ. ಒಂದು ಕುರ್ತಾದ ಟ್ಯಾಗ್ ದಪ್ಪ ಅನಿಸಿತು, ಉಗುರಿನಿಂದ ಎಬ್ಬಿಸಿದೆ. ಕೆಳಗೆ ಇನ್ನೊಂದು ಟ್ಯಾಗ್, ಅದರ ಕೆಳಗೆ ಮತ್ತೊಂದು. ಕೆಳಗಿನದರಲ್ಲಿ ಹಳೆಯ ಸೀಸನ್‌ನ ಕೋಡ್, ಮೇಲಿನದರಲ್ಲಿ 'ಹೊಸ ಕಲೆಕ್ಷನ್'.

ಕೆಡದೇ ಇದ್ದ ಮಾಲಿನ ಕಥೆಯೂ ಅಷ್ಟೇ. ಸಪ್ಲೈಯರ್‌ಗಳು ಸಾಮಾನ್ಯವಾಗಿ ಸೆಟ್ ಲೆಕ್ಕದಲ್ಲಿ ಕೊಡುತ್ತಾರೆ, ಉದಾಹರಣೆಗೆ ಸ್ಮಾಲ್ 1, ಮೀಡಿಯಂ 2, ಲಾರ್ಜ್ 2, ಎಕ್ಸ್‌ಎಲ್ 1. ನಡುವಿನ ಸೈಜ್ ಮೊದಲು ಖಾಲಿಯಾಗುತ್ತದೆ. ನನಗೆ ಸಿಕ್ಕಿದ್ದು ಬಹುಪಾಲು ಎರಡೂ ತುದಿಯ ಸೈಜ್‌ಗಳು. ಎಣಿಸಿದರೆ ಪೀಸ್ ಲೆಕ್ಕ ಸರಿ ಇರುತ್ತದೆ, ಗಿರಾಕಿ ಬಂದು ಮೀಡಿಯಂ ಕೇಳಿದರೆ ಕೊಡೋಕೆ ಇರುವುದಿಲ್ಲ. ಆದ್ದರಿಂದ ಸುಮ್ನೆ ಪೀಸ್ ಎಣಿಸಿದರೆ ಸಾಲದು, ಪ್ರತಿ ಡಿಸೈನ್‌ಗೂ ಯಾವ ಸೈಜ್ ಎಷ್ಟಿದೆ, ಅದು ಬಂದ ಬಿಲ್ಲಿನ ತಾರೀಖು ಯಾವುದು ಅಂತ ನೋಡಬೇಕು. ಬಿಲ್ ಇಲ್ಲದ ಮಾಲಿಗೆ ಬೆಲೆ ಕಟ್ಟಲೇ ಬೇಡಿ. ನನ್ನ ಆ ಮಾಲು ಕೊನೆಗೆ ಹೋಗಿದ್ದು ಸ್ಟಾಕ್ ಲಾಟ್, ಅಂದರೆ ಮಾರಾಟವಾಗದೆ ಉಳಿದ ಮಾಲನ್ನು ಒಟ್ಟಿಗೆ ಕೊಳ್ಳುವವರಿಗೆ, ತೂಕದ ಲೆಕ್ಕದಲ್ಲಿ.

ಇನ್ನು ಆ 'ಲಾಭ'. ಮಾರಿದವರು ಇಡೀ ದಿನ ಕೌಂಟರಿನಲ್ಲಿ ತಾವೇ ಕೂರುತ್ತಿದ್ದರು, ಖರೀದಿಗೂ ತಾವೇ ಹೋಗುತ್ತಿದ್ದರು. ಲೆಕ್ಕದಲ್ಲಿ ಅವರಿಗೆ ಸಂಬಳ ಅಂತ ಒಂದು ಸಾಲೂ ಇರಲಿಲ್ಲ. ಅವರು ಮಾಡುತ್ತಿದ್ದ ಕೆಲಸಕ್ಕೆ ಒಬ್ಬ ಮ್ಯಾನೇಜರ್ ಇಟ್ಟು ಸಂಬಳ ಕಳೆದು ನೋಡಿದರೆ ಉಳಿಯುವುದು ಏನೂ ಇಲ್ಲ. ಅಂದರೆ ಅವರು ಲಾಭ ಅಂತ ತೋರಿಸಿದ್ದು ತಮ್ಮದೇ ದುಡಿಮೆಯ ಕೂಲಿ. ಅದನ್ನು ನನಗೆ ಮಾರಿದರು, ಅದರ ಮೇಲೆ 'ಗುಡ್‌ವಿಲ್', ಅಂದರೆ ಅಂಗಡಿಯ ಹೆಸರು ಮತ್ತು ಖಾಯಂ ಗಿರಾಕಿಗಳ ಬೆಲೆ ಅಂತ ಬೇರೆ ಹಾಕಿದರು. ನನಗೆ ಈಗಲೂ ಸಿಟ್ಟು ಬರುವುದು ಇದಕ್ಕೇ.

ಮಾರಾಟದ ಅಂಕಿಯಲ್ಲೂ ಹಾಗೆಯೇ. ವಾಪಸ್ ಬಂದ ಬಟ್ಟೆಯನ್ನು ಕಳೆದಿರಲಿಲ್ಲ, ಬದಲಿಸಿಕೊಟ್ಟ ಬಟ್ಟೆಗೆ ಹಾಕಿದ ಹೊಸ ಬಿಲ್ಲನ್ನೂ ಮಾರಾಟ ಅಂತ ಕೂಡಿಸಿದ್ದರು. ತೋರಿಸಿದ್ದು ಸೀಸನ್ ಜೋರಿರುವ ತಿಂಗಳುಗಳನ್ನು ಮಾತ್ರ. ನೀವು ಕೇಳಬೇಕಾದ್ದು ಪೂರ್ತಿ ಎರಡು ವರ್ಷದ ಬ್ಯಾಂಕ್ ಸ್ಟೇಟ್‌ಮೆಂಟ್, ಕಾರ್ಡ್ ಪಾವತಿ ಖಾತೆಗೆ ಜಮಾ ಆದ ವಿವರ, ತೆರಿಗೆ ಕಟ್ಟಿದ ಕಾಗದ. ತೆರಿಗೆಗೆ ಒಂದು ಅಂಕಿ, ಕೊಳ್ಳುವವರಿಗೆ ಇನ್ನೊಂದು ಅಂಕಿ ಇದ್ದರೆ ತೆರಿಗೆಯ ಅಂಕಿಯ ಮೇಲೆಯೇ ಬೆಲೆ ಮಾತಾಡಿ. 'ಉಳಿದದ್ದು ನಗದು ವ್ಯಾಪಾರ, ಪುಸ್ತಕಕ್ಕೆ ಬರುವುದಿಲ್ಲ' ಅಂದರೆ, ಪುಸ್ತಕಕ್ಕೆ ಬಾರದ್ದಕ್ಕೆ ನೀವು ದುಡ್ಡು ಕೊಡಬೇಕಾಗಿಲ್ಲ ಅಲ್ವಾ?

ರಿಯಾಯಿತಿಯನ್ನೂ ಕೆದಕಿ ಕೇಳಿ. 100ಕ್ಕೆ ಕೊಂಡು 200 ಟ್ಯಾಗ್ ಹಾಕಿದ ಬಟ್ಟೆಯನ್ನು ಶೇಕಡಾ 30 ಕಡಿತದಲ್ಲಿ ಮಾರಿದರೆ ಬರುವುದು 140. ಉಳಿಯುವುದು 100 ಅಲ್ಲ, 40. ಮಾರಾಟದ ಮೊತ್ತದಲ್ಲಿ ಅರ್ಧ ಇದ್ದ ಮಾರ್ಜಿನ್ ಶೇಕಡಾ 29ಕ್ಕಿಂತ ಕೆಳಗೆ ಬಂತು. ಬಾಡಿಗೆ, ಸಂಬಳ, ಕರೆಂಟು ಎಲ್ಲ ಆ 40ರಿಂದಲೇ ಹೋಗಬೇಕು. ನನಗೆ ಮಾರಿದ ಅಂಗಡಿ ವರ್ಷದ ಬಹುಪಾಲು ಸೇಲ್ ಬೋರ್ಡ್ ಹಾಕಿಕೊಂಡೇ ನಡೆದಿತ್ತು, ಇದು ಗೊತ್ತಾಗಿದ್ದು ಗಿರಾಕಿಗಳು ಬಂದು 'ಈಗ ಆಫರ್ ಇಲ್ವಾ' ಅಂತ ಕೇಳೋಕೆ ಶುರು ಮಾಡಿದ ಮೇಲೆ.

ಬಾಡಿಗೆ ಕರಾರಿನ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಮಾಲೀಕರ ಲಿಖಿತ ಒಪ್ಪಿಗೆ ಇಲ್ಲದೆ ಕರಾರು ನಿಮ್ಮ ಹೆಸರಿಗೆ ಬರುತ್ತದೆ ಅಂತ ನಂಬಬೇಡಿ. ಮಾರುವವರ ಮಾತು ಬಿಟ್ಟು ಕಟ್ಟಡದ ಮಾಲೀಕರನ್ನು ನೀವೇ ಭೇಟಿ ಮಾಡಿ. ಎಷ್ಟು ಅವಧಿ ಉಳಿದಿದೆ, ಬಾಡಿಗೆ ಯಾವಾಗ ಏರುತ್ತದೆ, ನಿರ್ವಹಣೆಯ ಶುಲ್ಕ ಬೇರೆಯೇ, ನಡುವೆ ಬಿಟ್ಟರೆ ದಂಡ ಎಷ್ಟು, ಡೆಪಾಸಿಟ್ ಯಾರಿಗೆ ವಾಪಸ್ ಬರುತ್ತದೆ. ನನ್ನ ವಿಷಯದಲ್ಲಿ ಮಾಲೀಕರು ಹೊಸ ಕರಾರು ಬೇಕೆಂದರು, ಹೊಸ ಬಾಡಿಗೆಯಲ್ಲಿ. ಆಗಲೇ ದುಡ್ಡು ಕೊಟ್ಟಾಗಿತ್ತು.

ಖಾಯಂ ಗಿರಾಕಿಗಳು ಬರುತ್ತಿದ್ದದ್ದು ಆಲ್ಟರೇಶನ್ ಮಾಡುತ್ತಿದ್ದ ಟೈಲರ್‌ಗೋಸ್ಕರ. ಅವರ ಕೈಯ ಫಿಟಿಂಗ್‌ಗೆ ಹೆಸರಿತ್ತು, ಒಳ್ಳೆಯ ಕೆಲಸಗಾರರು, ಅವರ ಮೇಲೆ ನನಗೆ ಯಾವ ಬೇಸರವೂ ಇಲ್ಲ. ಮಾರಿದವರು ಸ್ವಲ್ಪ ದಿನದಲ್ಲೇ ಹತ್ತಿರದ ಬೀದಿಯಲ್ಲಿ ಹೊಸ ಅಂಗಡಿ ತೆರೆದರು, ಟೈಲರ್ ಅಲ್ಲಿಗೆ ಹೋದರು, ಗಿರಾಕಿಗಳೂ ಹೋದರು. ಇಷ್ಟು ದೂರದೊಳಗೆ, ಇಷ್ಟು ವರ್ಷ ಇದೇ ವ್ಯಾಪಾರ ಮಾಡುವುದಿಲ್ಲ ಅನ್ನುವ ಷರತ್ತನ್ನು ವಕೀಲರಿಂದ ಬರೆಸಿಕೊಳ್ಳಿ. ಅಂಥ ಷರತ್ತು ನಿಮ್ಮಲ್ಲಿ ಎಷ್ಟರ ಮಟ್ಟಿಗೆ ನಿಲ್ಲುತ್ತದೆ ಅಂತಲೂ ಅವರನ್ನೇ ಕೇಳಿ. ಪೂರ್ತಿ ಹಣ ಒಂದೇ ಸಲ ಕೊಡಬೇಡಿ, ಒಂದು ಭಾಗವನ್ನು ಹಸ್ತಾಂತರದ ನಂತರದ ಕೆಲವು ತಿಂಗಳ ಮಾರಾಟ ನೋಡಿ ಕೊಡುವ ಹಾಗೆ ಬರೆಸಿ. ತಮ್ಮ ಅಂಕಿಯ ಮೇಲೆ ನಂಬಿಕೆ ಇರುವವರು ಇದಕ್ಕೆ ಒಪ್ಪುತ್ತಾರೆ.

ಅಂಗಡಿಯ ಇನ್‌ಸ್ಟಾಗ್ರಾಂ ಖಾತೆಯ ಪಾಸ್‌ವರ್ಡ್ ಕೊಟ್ಟರೆ ಸಾಕು ಅಂದುಕೊಳ್ಳಬೇಡಿ. ಅದಕ್ಕೆ ಜೋಡಿಸಿದ ಫೋನ್ ನಂಬರ್, ಇಮೇಲ್ ಎರಡನ್ನೂ ಅವರೆದುರಿಗೇ ಬದಲಿಸಿ, ಎರಡು ಹಂತದ ಪರಿಶೀಲನೆ ನಿಮ್ಮ ಫೋನಿಗೆ ಬರುವ ಹಾಗೆ ಮಾಡಿಕೊಂಡ ಮೇಲೆಯೇ ಕೊನೆಯ ಕಂತು ಕೊಡಿ. ನಾನು ಕೊಂಡ ಖಾತೆಯಲ್ಲಿ ಈಗ ಅವರ ಹೊಸ ಅಂಗಡಿಯ ಫೋಟೋಗಳು ಬರುತ್ತಿವೆ, ಅದರ ದೂರು ಇನ್ನೂ ನಡೆಯುತ್ತಿದೆ.